ತೊಟ್ಟಿಗೆ ಲವಂಗದೆಣ್ಣೆ

ಮೇಗರವಳ್ಳಿಯ ತಿಮ್ಮಣ್ಣನಿಗೆ ಮನೆಯಲ್ಲಿ ಎದುರಾಡುವವರಿಲ್ಲ. ತಮ್ಮ ದೀಪಕ್‌ಗೇ ಇಲ್ಲದ ಬಾಯಿ ದೀಪಕ್‌ನ ಹೆಂಡತಿ ಆಶಾಳಿಗೆ ಎಲ್ಲಿಂದ ಬರಬೇಕು? ಆದರೂ ಹೋದ ವಾರ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿಯೇ ಬಿಟ್ಟಿದ್ದಳು.

"ಭಾವ, ಆರುನೂರು ಮೀನಿನ ಜಾಗದಲ್ಲಿ ಸಾವಿರದ ಇನ್ನೂರು ಇದಾವೆ. ಒಂದನ್ನೊಂದು ಕಚ್ಕೊಂಡು ಸಾಯ್ತಾವೆ. ಇನ್ನೊಂದು ತೊಟ್ಟಿ ಕಟ್ಸಿ."

"ಶುಕ್ರವಾರ ತೊಟ್ಟಿ ಹತ್ರ ಬಂದು ಕಣ್ಣಾರೆ ನೋಡ್ತೀನಿ. ನೀ ಹೇಳ್ದಂಗೆ ಇದ್ರೆ ಕಟ್ಸನ," ಎಂದಿದ್ದ ತಿಮ್ಮಣ್ಣ. ಆ ಮಹಾರಾಯನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ದೀಪಕ್ ಮೀನು ಸಾಗಿಸುತ್ತ ಸಾಗರ, ಹೊಸನಗರ ಎಂದು ಊರೂರು ಸುತ್ತುತ್ತಾನೆ. ಆಶಾ ಮಾತ್ರ ಮನೆ ಹಿಂದಿನ ನೀಲಿ ಟಾರ್ಪಾಲಿನ ತೊಟ್ಟಿಯನ್ನೇ ಸುತ್ತಬೇಕು. ತವರು ಕಂಡು ಎರಡು ವರ್ಷವಾಯಿತು. 'ನೀ ಹೋದ್ರೆ ಮೀನಿಗೆ ಯಾರು ದಿಕ್ಕು?' ಎಂದು ಭಾವ ಅಂದರೆ ಮುಗಿಯಿತು. ಮೊಲೆಹಾಲಿನ ಮಗುವಿನ ನೆಪವಾದರೂ ಒಂದು ದಿನ ತೀರುತ್ತದೆ, ಮೀನಿನ ನೆಪ ತೀರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮೀನುಗಳಿಗೆ ಹುಚ್ಚು ಹಿಡಿದಿತ್ತು. ಜಿಲೇಬಿ ಮೀನಿನ ಜಾತಿಯೇ ಹಾಗೆ, ಇಕ್ಕಟ್ಟಾದರೆ ಒಂದರ ಮೇಲೊಂದು ಬೀಳುತ್ತವೆ. ಒಂದರ ರೆಕ್ಕೆ ಇನ್ನೊಂದರ ಬಾಯಲ್ಲಿ. ಒಂದು ಎಗರಿ ಕಬ್ಬಿಣದ ಜಾಲರಿಗೆ ಬಡಿದು ಕಣ್ಣು ಕಳೆದುಕೊಂಡಿತು. ಭಾವ ಬರುವವರೆಗೆ ಹೀಗೇ ಇರಲಿ, ನೋಡಲಿ, ಎಂದು ಆಶಾ ಹಲ್ಲು ಕಚ್ಚಿ ನಿಂತಳು. ಹತ್ತಾಯಿತು, ಹನ್ನೊಂದಾಯಿತು, ಭಾವನ ಸುಳಿವಿಲ್ಲ. ಇನ್ನು ತಡೆಯಲಾರದೆ ಅವಳು ಒಳಗೆ ಓಡಿದಳು. ತೂಕ ಹಾಕುವಾಗ ಮೀನಿಗೆ ಮಂಪರು ಬರಿಸಲು ಇಟ್ಟಿದ್ದ ಲವಂಗದೆಣ್ಣೆಯನ್ನು ನೀರಲ್ಲಿ ಕುಲುಕಿ, ಅಳತೆ ನೋಡಿ ತೊಟ್ಟಿಗೆ ಸುರಿದಳು. ಸ್ವಲ್ಪ ಹೊತ್ತಿಗೆ ಎಲ್ಲವೂ ಸುಮ್ಮನಾದವು.

ತಿಮ್ಮಣ್ಣ ಬಂದದ್ದು ಆಗ.

"ಎಂಥ ಮಾರಾಯ್ತಿ, ಕಚ್ಚಾಡ್ತಾವೆ ಅಂದ್ಯಲ್ಲ? ಎಷ್ಟು ಹಾಯಾಗಿದಾವೆ!"

"ಇಲ್ಲ ಭಾವ, ನಾನೇ ಲವಂಗದೆಣ್ಣೆ ಹಾಕಿದೀನಿ. ಮಂಪರಲ್ಲಿದಾವೆ. ಅವುಗಳ ಪಾಡು ನೋಡಕ್ಕಾಗ್ಲಿಲ್ಲ."

ನಿಜ ಹೇಳಿದರೆ ಬೈಗುಳ ಸಿಕ್ಕೀತು, ಸಿಗಲಿ, ಜೊತೆಗೆ ತೊಟ್ಟಿಯೂ ಸಿಗುತ್ತದೆ ಎಂದುಕೊಂಡಿದ್ದಳು. ತಿಮ್ಮಣ್ಣ ಬೈಯಲಿಲ್ಲ. ಅವನ ಮುಖ ಅರಳಿತು.

"ಹೌದಾ? ಹಂಗಾದ್ರೆ ಇನ್ನೊಂದು ತೊಟ್ಟಿ ಯಾಕೆ? ದಿನಾ ಇದನ್ನೇ ಹಾಕು."

"ದಿನಾ ಹಾಕಿದ್ರೆ ಸತ್ತೇ ಹೋಗ್ತಾವೆ, ಭಾವ..."

ಅವನಾಗಲೇ ಮೊಬೈಲ್ ಕಿವಿಗಿಟ್ಟು, ಮೀನುಮರಿ ಮಾರುವವನಿಗೆ ಇನ್ನೂ ಐನೂರು ಮರಿ ಬೇಕೆಂದು ಹೇಳುತ್ತ ಗೇಟಿನ ಕಡೆ ನಡೆದಿದ್ದ. ಆಶಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಕನಿಕರ ಪಟ್ಟು ತಾನೇ ತಂದುಕೊಂಡ ಫಜೀತಿ. ಮೀನುಗಳ ಮಂಪರು ಇಳಿಯಲೆಂದು ಓಡಿಹೋಗಿ ಗುಡ್ಡದ ನೀರಿನ ಪೈಪನ್ನು ಪೂರ್ತಿ ತೆರೆದಳು. ಹೊಸ ನೀರು ರಭಸದಿಂದ ಬಿತ್ತು. ಪೈಪಿನ ಬಾಯಿಯ ಹತ್ತಿರದ ಮೀನುಗಳು ಮೊದಲು ಎಚ್ಚೆತ್ತು ಪಟಪಟ ಎಗರತೊಡಗಿದವು. ಆ ಮನೆಗೆ ಬಂದಮೇಲೆ ಮೊದಲ ಬಾರಿಗೆ ಅವಳು ಗಂಟಲು ಬಿಚ್ಚಿ ಕೂಗಿದಳು.

"ಭಾವ! ಈಗ ಬನ್ನಿ! ಈಗ ನೋಡಿ!"

ತಿಮ್ಮಣ್ಣ ಗೇಟಿನಿಂದ ತಿರುಗಿಯೂ ನೋಡಲಿಲ್ಲ.

"ಇನ್ನೊಂದ್ ಸೊಲ್ಪ ಹಾಕು, ಮಾರಾಯ್ತಿ."