ಅಂದಕ್ಕೆ ಹಾಕಿದ ಎರಡು ಪದ

ಹೊಸ ಬಟ್ಟೆ ಕೊಂಡವರಿಗೆ ಅದನ್ನು ತೊಟ್ಟು ಬೀದಿಗೆ ಬರುವ ತನಕ ಸಮಾಧಾನವಿಲ್ಲ. ಹೊಸದಾಗಿ ಇಂಗ್ಲಿಷ್ ಕಲಿತವರ ಪಾಡೂ ಅದೇ. ಬಾಶೆಟ್ಟಿಹಳ್ಳಿಯ ಔಷಧಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಶಶಿರೇಖಾ ಪ್ರತಿ ಭಾನುವಾರ ದೊಡ್ಡಬಳ್ಳಾಪುರದ ವಾಣಿಶ್ರೀ ಮಿಸ್ ಹತ್ತಿರ ಪಾಠಕ್ಕೆ ಹೋಗುತ್ತಿದ್ದಳು. ಶಿಫ್ಟ್ ಇನ್‌ಚಾರ್ಜ್ ಹುದ್ದೆ ಖಾಲಿಯಿತ್ತು. ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲವರಿಗೇ ಅದು ಎಂದು ಮ್ಯಾನೇಜರ್ ಅಮರ್ ಹೇಳಿಬಿಟ್ಟಿದ್ದರು.

“ಅಡ್ಜೆಕ್ಟಿವ್ ನಾಮಪದದ ಪಕ್ಕ ನಿಂತು ಅದು ಎಂಥದ್ದು ಅಂತ ಹೇಳುತ್ತೆ. ಅಡ್ವರ್ಬ್, ಕೆಲಸ ಹೇಗೆ ನಡೀತು ಅಂತ ಹೇಳುತ್ತೆ. ಇನ್ನೊಂದು ಅಡ್ವರ್ಬ್ ಸಿಕ್ಕಿದ್ರೆ ಅದನ್ನೂ ಬಿಡಲ್ಲ, ‘ವೆರಿ’ ಅಂತ ಮುಂದೆ ಬಂದು ಕೂತ್ಕೊಳ್ಳುತ್ತೆ” ಎಂದು ಆ ವಾರ ಮಿಸ್ ಹೇಳಿಕೊಟ್ಟಿದ್ದರು.

ಸೋಮವಾರವೇ ಕಾಲ ಕೂಡಿ ಬಂತು. ಹನ್ನೊಂದು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಬೈರಮ್ಮನ ಕೈಯಿಂದ ಗಾಜಿನ ಸೀಸೆಗಳ ಟ್ರೇ ಬಿತ್ತು. ಸದ್ದು ಕೇಳಿ ಶಶಿರೇಖಾ ತಿರುಗುವಷ್ಟರಲ್ಲಿ ಎಲ್ಲ ಚೂರು ಚೂರು. ವರದಿಗೆ ಕೂತವಳು ‘ಬೈರಮ್ಮ ಡ್ರಾಪ್ಡ್ ದ ಟ್ರೇ’ ಎಂದು ಬರೆದಳು. ವಾಕ್ಯ ಬೋಳುಬೋಳಾಗಿ ಕಂಡಿತು. ‘ಟ್ರೇ’ ಪದದ ಮುಂದೆ ಒಂದು ‘ಬಿಗ್’ ಸೇರಿಸಿದಳು. ಸಾಲದೆಂದು ಕೊನೆಗೆ ‘ವೆರಿ ಕೇರ್‌ಲೆಸ್ಲಿ’ ಎಂದು ಹಾಕಿ, ಕೆಳಗೆ ಸಹಿ ಜಡಿದಳು. ಅಮರ್ ಓದಿ ಭೇಷ್ ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬರೆದ ಮಾತು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಫೈಲಿನಲ್ಲೇ ಕೂತಿರುತ್ತದೆ. ಗುರುವಾರ ಊಟದ ಹೊತ್ತಿನಲ್ಲಿ ಬೈರಮ್ಮ ಎರಡು ಕಾಗದ ತಂದು ಶಶಿರೇಖಾ ಮುಂದೆ ಹಿಡಿದಳು. ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿದ ನೋಟಿಸು, ಜೊತೆಗೆ ವರದಿಯ ಪ್ರತಿ.

“ಈ ಎರಡನೇದ್ರಲ್ಲಿ ಏನ್ ಬರ್ದೈತೆ, ಓದಿ ಹೇಳು ಶಶಿಯಮ್ಮ.”

“ನೀನು ದೊಡ್ಡ ಟ್ರೇ ಬೀಳಿಸ್ದೆ ಅಂತ ಬೈರಕ್ಕ.”

“ಅಷ್ಟೇನಾ?”

ಶಶಿರೇಖಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸು ಹಾಕಿದಳು. “ತುಂಬಾ ಅಸಡ್ಡೆಯಿಂದ ಬೀಳಿಸ್ದೆ, ಅಂತ.”

“ಅಸಡ್ಡೆ ಮಾಡಿದ್ದನ್ನ ಯಾರವ್ವ ನೋಡಿದ್ರು?”

ಯಾರೂ ನೋಡಿರಲಿಲ್ಲ. ಚೆನ್ನಾಗಿ ಕಾಣಲೆಂದು ಹಾಕಿದ ಮಾತು ಅದು. ನಾಚಿಕೆಯಿಂದ ಶಶಿರೇಖಾ ಹಿಡಿಯಷ್ಟಾದಳು. ಡಬ್ಬಿ ಮುಚ್ಚಿಟ್ಟು ನೇರ ಅಮರ್ ಕೋಣೆಗೆ ಹೋದಳು.

“ಸಾರ್, ಆ ವರದೀಲಿ ಎರಡು ಪದ ಹೊಡೆದುಹಾಕ್ಬೇಕು. ಟ್ರೇ ಬಿದ್ದಿದ್ದನ್ನ ನಾನು ನೋಡೇ ಇಲ್ಲ.”

“ಹಂಗಾದ್ರೆ ತಪ್ಪು ವರದಿ ಕೊಟ್ಟೆ ಅಂತ ಬರ್ಕೊಡಿ. ಆಮೇಲೆ ಇನ್‌ಚಾರ್ಜ್ ಪೋಸ್ಟಿಗೆ ನಿಮ್ಮ ಹೆಸರು ಕಳಿಸೋಕಾಗಲ್ಲ, ಗೊತ್ತಲ್ಲ?”

ಗೊತ್ತಿತ್ತು. ಆದರೂ ಬರೆದುಕೊಟ್ಟಳು. ಸಂಜೆಯೊಳಗೆ ಬೈರಮ್ಮನ ನೋಟಿಸು ವಾಪಸಾಯಿತು.

ಶಿಫ್ಟ್ ಬಿಟ್ಟ ಮೇಲೆ ಬಸ್ಸಿನಲ್ಲಿ ಬೈರಮ್ಮನ ಪಕ್ಕ ಕೂತು, ಮುಖ ನೋಡಲಾರದೆ, “ಅದನ್ನ ಬರ್ದಿದ್ದು ನಾನೇ ಬೈರಕ್ಕ” ಎಂದಳು.

“ಗೊತ್ತು ಕಣವ್ವ” ಎಂದಳು ಬೈರಮ್ಮ. “ಕೆಳಗೆ ನಿನ್ ಸೈನ್ ಇತ್ತಲ್ಲ, ಹಾಜರಿ ಚೀಟೀಲಿ ದಿನಾ ನೋಡ್ತೀನಿ. ಅದಕ್ಕೇ ನಿನ್ ತಾವೇ ಓದ್ಸಿದ್ದು.”