ಏಳನೇ ಬಿ ತರಗತಿಯ ಸಾಲ್ಕಿನಕ್ಕ

"ಇದನ್ನ ವಾಪಸ್ ತಗೊಂಡು ಹೋಗಿ ಸಾರ್," ಎನ್ನುತ್ತ ಮೀರಿಮ್, ಚೌಕಟ್ಟು ಹಾಕಿಸಿದ್ದ ಪ್ರಶಸ್ತಿಪತ್ರವನ್ನು ಮುಖ್ಯೋಪಾಧ್ಯಾಯ ತೆಮಿರ್ಬೆಕ್‌ನ ಎದೆಗೇ ಒತ್ತಿದಳು. ಅಂಗಳದಲ್ಲಿ ಎಬ್ಬಿಸಿದ್ದ ಕಂಬಳಿ ಗುಡಾರದ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು ಅವಳು. ಒಳಗೆ ಅವಳ ತಾಯಿ ಸಾಲ್ಕಿನ್ ಬಿಳಿಬಟ್ಟೆ ಹೊದ್ದು ಮಲಗಿದ್ದಳು. ಸುತ್ತ ಕೂತು ಹಾಡಿ ಅಳುತ್ತಿದ್ದ ಹೆಂಗಸರು ಬಾಗಿಲ ಕಡೆ ಕತ್ತು ಚಾಚಿದರು.

"ಸಾವಿನ ಮನೇಲಿ ಹೀಗೆಲ್ಲ ಆಡಬಾರ್ದಮ್ಮ," ಎಂದ ತೆಮಿರ್ಬೆಕ್. "ಮೂವತ್ನಾಲ್ಕು ವರ್ಷ ನಮ್ ಸ್ಕೂಲಲ್ಲಿ ದುಡಿದೋರು ನಿಮ್ಮಮ್ಮ. ಮೇಲಿನ ಆಫೀಸಿಗೆ ನಾನೇ ಹೋಗಿ ಸಹಿ ಹಾಕಿಸ್ಕೊಂಡು ಬಂದಿದೀನಿ."

"ಎರಡು ವಾರದ ಹಿಂದೆ ಅಮ್ಮಂಗೆ ಒಂದು ನೋಟಿಸ್ ಕೊಟ್ರಲ್ಲ, ಅದಕ್ಕೂ ಅದೇ ಆಫೀಸಿಂದೇ ಸಹಿನಾ?"

ಅವನು ತುಪ್ಪಳದ ಟೋಪಿ ಸರಿಮಾಡಿಕೊಂಡು ಗಂಡಸರ ಕಡೆ ನಡೆದ. ಪತ್ರ ಅವನ ಕಂಕುಳಲ್ಲೇ ಉಳಿಯಿತು.

ಗಂಡಸರು ಗೋಡೆಗೆ ಒರಗಿಸಿದ ಬೆಂಚುಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹಳ್ಳಿಯಿಂದ ಬಂದ ನೆಂಟನೊಬ್ಬ ಪಕ್ಕದಲ್ಲಿದ್ದ ಜೋಲ್ದೋಷ್‌ನನ್ನು ಕೇಳಿದ. ಜೋಲ್ದೋಷ್ ಅದೇ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು.

"ಪಾಠ ಮಾಡ್ತಾ ಮಾಡ್ತಾನೇ ಬಿದ್ದುಬಿಟ್ಳಂತೆ?"

"ಇಲ್ಲ. ಎರಡನೇ ಪಾಳಿ ಮುಗಿಸಿದ್ಳು. ಮೂರನೇ ಪಾಳಿಗೆ ಅಂತ ಹಾಜರಿ ಪುಸ್ತಕ ಎತ್ಕೊಂಡ್ಳು, ಅಷ್ಟೇ. ತಲೇಲಿ ರಕ್ತನಾಳ ಒಡೆದಿತ್ತಂತೆ."

"ಮೂರು ಪಾಳಿನೂ ಒಬ್ಬಳೇನಾ? ಎಷ್ಟು ಮಕ್ಕಳಿದ್ರಪ್ಪ?"

"ಅವಳ ಏಳನೇ ಬಿ ಒಂದರಲ್ಲೇ ನಲವತ್ತೇಳು. ಡೆಸ್ಕು ಹದಿನೈದು. ಲೆಕ್ಕ ನೀನೇ ಹಾಕ್ಕೋ."

"ಲೆಕ್ಕದ ಮೇಷ್ಟ್ರು ನೀವು."

"ಮೂರ್ಮೂರು ಜನ ತುರುಕಿದ್ರೂ ಇಬ್ಬರಿಗೆ ಜಾಗ ಇಲ್ಲ."

* * *

ಆ ಇಬ್ಬರು ಕಿಟಕಿಯ ಕಟ್ಟೆಯ ಮೇಲೆ ಕೂರಬೇಕಿತ್ತು. ಕಟ್ಟೆಯ ಕೆಳಗೇ ಕೋಣೆ ಕಾಯಿಸುವ ಬಿಸಿನೀರಿನ ಕೊಳವೆ ಹಾದುಹೋಗುತ್ತಿದ್ದುದರಿಂದ ಚಳಿ ಶುರುವಾಯಿತೆಂದರೆ ಅದಕ್ಕೇ ಜಗಳ. ಸಾಲ್ಕಿನ್ ದಿನಕ್ಕಿಬ್ಬರಂತೆ ಸರದಿ ಗೊತ್ತುಮಾಡಿದ್ದಳು.

ನೋಟಿಸ್ ಬರುವ ಹಿಂದಿನ ದಿನ ಅವಳು ಹಲಗೆಯ ಮೇಲೆ ನದಿಗಳ ಹೆಸರು ಬರೆಯುತ್ತಿದ್ದಳು. ಹಿಂದಿನಿಂದ "ಅಕ್ಕ, ಪೆನ್ನು ಕಿತ್ಕೊಂಡ," "ಅಕ್ಕ, ಹೊರಗ್ ಹೋಗ್ಲಾ?", "ಅಕ್ಕ, ಇವ್ನು ರೊಟ್ಟಿ ಎಸೀತಾನೆ." ಒಂದಕ್ಕೆ ಉತ್ತರ ಕೊಡುವಷ್ಟರಲ್ಲಿ ಇನ್ನೆರಡು. ಮೂರನೇ ನದಿ ಅರ್ಧ ಬರೆದಿದ್ದಾಗ ಚೀರಾಟ ಕೇಳಿ ತಿರುಗಿದಳು. ಕಟ್ಟೆಯ ಮೇಲೆ ಅಂದಿನ ಸರದಿಯ ಹುಡುಗಿ ಅಯ್‌ಪೆರಿ ತನ್ನ ಕುತ್ತಿಗೆ ಹಿಡಿದುಕೊಂಡಿದ್ದಳು. ಪಕ್ಕದಲ್ಲಿದ್ದ ಸೆಜಿಮ್‌ಳ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಅಯ್‌ಪೆರಿಯ ಜಡೆ. ಅಜ್ಜಿ ಬೆಳಗ್ಗೆ ತಾನೇ ಹೆಣೆದು ಕಳಿಸಿದ್ದ ಜಡೆ.

"ಅವಳೇ ಫಸ್ಟು ತಳ್ಳಿದ್ದು," ಎಂದಳು ಸೆಜಿಮ್.

"ತಳ್ಳಿದ್ಯಾ?"

"ಹೂಂ ಅಕ್ಕ." ಅಯ್‌ಪೆರಿ ಬಿಕ್ಕಿದಳು. "ಮಾಸ್ಕೋದಲ್ಲಿ ಕಸ ಗುಡಿಸೋಳ ಮಗಳಿಗೆ ಬೆಚ್ಚಗಿನ ಜಾಗ ಬೇಕಾ ಅಂದ್ಳು."

"ತಳ್ಳಿದ್ದಕ್ಕೆ ನೀನು ಕ್ಷಮೆ ಕೇಳು. ಅಂದಿದ್ದಕ್ಕೂ ಕತ್ತರಿಸಿದ್ದಕ್ಕೂ ಅವಳು ಕೇಳ್ತಾಳೆ."

ಅಯ್‌ಪೆರಿ ಕೇಳಿದಳು. ಸೆಜಿಮ್ ತುಟಿ ಬಿಚ್ಚಲಿಲ್ಲ. ಸಾಲ್ಕಿನ್ ಅವಳನ್ನು ತನ್ನ ಮೇಜಿನ ಪಕ್ಕ ನಿಲ್ಲಿಸಿಕೊಂಡು ಪಾಠ ಮುಂದುವರಿಸಿದಳು. ಅರ್ಧ ಗಂಟೆಯಲ್ಲಿ ಸೆಜಿಮ್‌ಳ ತಾಯಿ ಶಾಲೆಯಲ್ಲಿದ್ದಳು. ಬಜಾರಿನ ಅರ್ಧ ಅಂಗಡಿಗಳು ಆಕೆಯವು.

"ನನ್ನ ಮಗಳನ್ನ ಅಪರಾಧಿ ಥರ ನಿಲ್ಸೋಕೆ ಇವಳ್ಯಾರು? ಎಲ್ಲರ ಮುಂದೆ ನಿಲ್ಸಿದ್ಳಲ್ಲ, ಎಲ್ಲರ ಮುಂದೇನೇ ಕ್ಷಮೆ ಕೇಳ್ಲಿ!"

ತೆಮಿರ್ಬೆಕ್ ಸಾಲ್ಕಿನ್‌ಳನ್ನು ಪಕ್ಕಕ್ಕೆ ಕರೆದ. "ಒಂದು ಮಾತು ಕೇಳ್ಬಿಡಿ, ಮುಗಿದ್ಹೋಗ್ಲಿ. ಚಾವಣಿ ರಿಪೇರಿ ಮಾಡಿಸ್ಕೊಡ್ತೀನಿ ಅಂದಿದಾರೆ ಆಯಮ್ಮ."

ಮೂವರೂ ತರಗತಿಗೆ ಬಂದರು. ಸಾಲ್ಕಿನ್ ಆ ಹೆಂಗಸನ್ನು ದಾಟಿ, ಡೆಸ್ಕುಗಳ ನಡುವೆ ನುಸುಳಿಕೊಂಡು ಕಿಟಕಿಯ ಹತ್ತಿರ ಹೋದಳು.

"ತಪ್ಪಾಯ್ತು ಕಣೇ ಅಯ್‌ಪೆರಿ," ಎಂದಳು. "ನಾನು ಇಲ್ಲೇ ಇದ್ದೆ. ಇಷ್ಟು ಜನರಲ್ಲಿ ನೀನು ನನ್ ಕಣ್ಣಿಗೆ ಬೀಳ್ಲಿಲ್ಲ."

ಆಮೇಲೆ ಹಲಗೆಗೆ ವಾಪಸಾಗಿ, ಅರ್ಧಕ್ಕೆ ನಿಂತಿದ್ದ ನದಿಯ ಹೆಸರನ್ನು ಪೂರ್ತಿ ಮಾಡಿದಳು. ಮರುದಿನ ನೋಟಿಸ್ ಬಂತು: ತರಗತಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲು ಅಸಮರ್ಥಳು.

* * *

ಮಧ್ಯಾಹ್ನ ಚಟ್ಟವನ್ನು ಅಂಗಳಕ್ಕೆ ತಂದಿಟ್ಟರು. ಗಂಡಸರು ಸಾಲಾಗಿ ನಿಂತರು. ಪ್ರಾರ್ಥನೆಗೆ ಮೊದಲು ಮುಲ್ಲಾ ವಾಡಿಕೆಯಂತೆ ಕೇಳಿದ: "ಜನಗಳೇ, ಸಾಲ್ಕಿನ್ ಎಂಥವಳಾಗಿದ್ಳು?"

"ಒಳ್ಳೇವಳು," ಎಂದಿತು ಅಂಗಳ.

ತೆಮಿರ್ಬೆಕ್ ಒಂದು ಹೆಜ್ಜೆ ಮುಂದೆ ಬಂದ. "ನಾನೂ ಎರಡು ಮಾತು ಹೇಳ್ಬೇಕು. ಇಂಥಾ ಟೀಚರು ಇನ್ನು ಸಿಗಲ್ಲ. ಒಂದು ದಿನ ಗೊಣಗಿದೋರಲ್ಲ. ಇಷ್ಟು ಮಕ್ಕಳನ್ನ ನನ್ ಕೈಲಿ ಆಗಲ್ಲ ಅಂತ ನನ್ ಬಾಗಿಲಿಗೆ ಬಂದೋರಲ್ಲ."

"ಬಂದಿದ್ಳು," ಎಂದ ಜೋಲ್ದೋಷ್.

ಎಲ್ಲರೂ ತಿರುಗಿದರು.

"ಹನ್ನೊಂದು ಸಲ ಬಂದಿದ್ಳು. ತರಗತೀನ ಎರಡು ಮಾಡಿ, ಇನ್ನೊಬ್ಬ ಟೀಚರ್ ಕೊಡಿ ಅಂತ ಹನ್ನೊಂದು ಅರ್ಜಿ. ಒಂದೊಂದನ್ನೂ ನನಗೆ ಓದಿ ಹೇಳಿ ನಿಮ್ಮ ಕೈಗೆ ಕೊಟ್ಟಿದ್ಳು."

"ಜೋಲ್ದೋಷ್, ಅದೆಲ್ಲ ಈಗ್ಯಾಕೆ..."

"ಈಗ ಅಲ್ದೆ ಇನ್ಯಾವಾಗ? ಮಣ್ಣು ಮುಚ್ಚಿದ್ಮೇಲಾ? 'ನೀವೂ ಸಹಿ ಹಾಕಿ ಜೋಲ್ದೋಷ್, ಇಬ್ಬರಾದ್ರೆ ಕೇಳ್ತಾರೆ' ಅಂದ್ಳು. ನಾನು ಹಾಕ್ಲಿಲ್ಲ. ನನಗೆ ಕೆಲಸದ ಹೆದರಿಕೆ. ನಾನೂ ಈ ಚಟ್ಟಕ್ಕೆ ಹೆಗಲು ಕೊಡೋ ಯೋಗ್ಯತೆ ಇರೋನಲ್ಲ. ಆದ್ರೆ ಗೊಣಗ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ. ಅವಳ ಬಾಯಿ ಮುಚ್ಚಿಸಿದ್ದು ಸಾಲದೇನ್ರಿ ನಿಮಗೆ?"

ಗುಡಾರದ ಬಾಗಿಲಲ್ಲಿ ಮೀರಿಮ್ ಮೊದಲ ಸಲ ಜೋರಾಗಿ ಅತ್ತಳು.

ಮುಲ್ಲಾ ಮತ್ತೆ ಸಾಲುಗಳ ಕಡೆ ತಿರುಗಿದ. ಇನ್ನೂ ನಲವತ್ತು ದಾಟದವನು. "ನಾನೂ ಅವರ ಹತ್ರ ಓದಿದೋನೇ," ಎಂದ. "ಜನಗಳೇ, ಇನ್ನೊಂದ್ಸಲ ಕೇಳ್ತೀನಿ. ಸಾಲ್ಕಿನ್ ಎಂಥವಳು?"

"ಕೇಳಿದ್ಳು, ಯಾರೂ ಕೊಡ್ಲಿಲ್ಲ," ಎಂದಿತು ಹಿಂದಿನ ಸಾಲಿನಿಂದ ಒಂದು ಮುದಿ ದನಿ. ಯಾರೂ ಅದನ್ನು ತಿದ್ದಲಿಲ್ಲ. ಮುಲ್ಲಾ ಕೈಯೆತ್ತಿ ಪ್ರಾರ್ಥನೆ ಶುರುಮಾಡಿದ.

ಚಟ್ಟ ಹೊತ್ತು ಗೇಟು ದಾಟಿದವರು ಒಮ್ಮೆಗೇ ನಿಂತರು. ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರೂ ಪಾಳಿಯ ಮಕ್ಕಳು ಯಾರೂ ಕರೆಯದೆ ಬಂದು, ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿಕೊಂಡಿದ್ದರು. ಚಟ್ಟ ಕಂಡೊಡನೆ ಎರಡೂ ಬದಿಗೆ ಒತ್ತಿಕೊಂಡು ದಾರಿ ಬಿಟ್ಟರು. ಅದು ದಾಟುತ್ತಿದ್ದಂತೆ ಹಿಂದೆ ಮತ್ತೆ ಕೂಡಿಕೊಂಡರು.

ಸ್ಮಶಾನಕ್ಕೆ ಹೊರಟಿದ್ದ ತೆಮಿರ್ಬೆಕ್‌ನ ಕಾರು ಹಿಂದೆಯೇ ಸಿಕ್ಕಿಕೊಂಡಿತು. ಒಂದು ಸಲ ಹಾರ್ನ್ ಆಯಿತು. ಮತ್ತೊಂದು ಸಲ. ಒಬ್ಬರೂ ಅಲುಗಲಿಲ್ಲ. ಇಳಿದು ನಡೆದೇ ಹೋಗೋಣವೆಂದು ಅವನು ಬಾಗಿಲು ತಳ್ಳಿದ. ಮಕ್ಕಳು ಕಾರಿನ ಸುತ್ತಲೂ ಒತ್ತಾಗಿ ನಿಂತಿದ್ದರು. ಬಾಗಿಲು ಒಂದು ಗೇಣು ತೆರೆದು, ಅಲ್ಲೇ ನಿಂತಿತು.