ಹತ್ತನೆಯ ಹೆಸರು

ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳ ಅಧ್ಯಾಪಕರೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿತ್ತು. ಅದರೊಳಗೆ ಹದಿನೇಳು ಆಸಕ್ತಿ ಗುಂಪುಗಳು. ಗಣಿತದವರದ್ದೊಂದು, ಮೌಲ್ಯಮಾಪನದವರದ್ದೊಂದು, ಹೀಗೆ. ಎಲ್ಲಕ್ಕಿಂತ ಚಿಕ್ಕ ಗುಂಪಿನ ವಿಷಯವೆಂದರೆ, ಒಬ್ಬರೇ ಶಿಕ್ಷಕರು ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳನ್ನು ನಿಭಾಯಿಸುವುದು ಹೇಗೆ ಎಂಬುದು. ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಹಿಡಿದು ಕೂತಿದ್ದ ಅದರ ಸಂಚಾಲಕಿಗೆ ಎಲ್ಲರೂ ಒಂದ್ಕೋಣೆ ಮೇಡಂ ಎನ್ನುತ್ತಿದ್ದರು. ಅವರೂ ಆ ಹೆಸರಿಗೆ ಓಗೊಡುತ್ತಿದ್ದರು.

ಈ ವರ್ಷದ ಸಮ್ಮೇಳನದಲ್ಲಿ ಗುಂಪಿಗೆ ಸಿಕ್ಕಿದ್ದು ಪ್ರಯೋಗಾಲಯದ ಪಕ್ಕದ ಉಗ್ರಾಣ. ಮುರಿದ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಎಂಟು ಕುರ್ಚಿ ಹಾಕಿದ್ದರು. ಮೇಡಂ ಸೆರಗಿನಿಂದಲೇ ಬೋರ್ಡು ಒರೆಸುತ್ತಿದ್ದಾಗ ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ಬಂದು ನಿಂತ. ಅವರ ಕೈಯಲ್ಲೇ ಕಲಿತವನು. ಮುಖ ಸಪ್ಪಗಿತ್ತು.

"ಮೇಡಂ, ನಿಮ್ಮ ಗುಂಪಲ್ಲಿ ಈ ಸಲ ಒಂಬತ್ತೇ ಜನ."

ಹತ್ತಕ್ಕಿಂತ ಕಡಿಮೆಯಾದರೆ ಗುಂಪನ್ನು ಮುಚ್ಚಬೇಕು, ಅದು ನಿಯಮ.

"ಯಾರಪ್ಪ ಬಿಟ್ಟಿದ್ದು? ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಯಾರೂ ಬಿಟ್ಟಿಲ್ಲ. ಒಬ್ರು ತೀರಿಕೊಂಡ್ರು."

ಮೇಡಂಗೆ ಅರ್ಥವಾಗಲಿಲ್ಲ. ಪ್ರತಿ ವರ್ಷ ಸದಸ್ಯರ ಅರ್ಜಿಗಳು ನೇರವಾಗಿ ಸಂಘದ ಕಚೇರಿಗೆ ಹೋಗುತ್ತಿದ್ದವು. ಸಭೆಗೆ ಬರುವವರನ್ನು ಬಿಟ್ಟರೆ ಉಳಿದವರು ಯಾರೆಂದು ಅವರು ವಿಚಾರಿಸಲು ಹೋಗಿರಲಿಲ್ಲ. ಕಾರ್ಯದರ್ಶಿ ಫೈಲು ಬಿಚ್ಚಿ ಅವರ ಮುಂದಿಟ್ಟ. ಹನ್ನೊಂದು ವರ್ಷದ ಹನ್ನೊಂದು ಅರ್ಜಿ. ಹೆಸರು ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತು.

ಕುಳ್ಳಿಯ ಅಕ್ಷರ.

ಈ ಗುಂಪನ್ನು ಕಟ್ಟಿದ್ದು ಇಬ್ಬರೂ ಸೇರಿ. ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವಳಾದ ಕುಳ್ಳಿ, ಇವರನ್ನು ಅಕ್ಕ ಎನ್ನುತ್ತಿದ್ದಳು. ಒಂದೇ ಬುತ್ತಿ ಹಂಚಿಕೊಂಡು, ಬಸ್ಸು ಹೋಗದ ಕಡೆಗೂ ನಡೆದು, ಇಬ್ಬರೂ ಒಂದು ಕೋಣೆಯ ಶಾಲೆಗಳನ್ನು ಸುತ್ತಿದ್ದರು. ಆಮೇಲೆ ಕುಳ್ಳಿ ಮೌಲ್ಯಮಾಪನದ ಕಡೆ ವಾಲಿದಳು, ಹೊಸ ಗುಂಪು ಮಾಡುತ್ತೇನೆಂದಳು. ಅಂದು ತುಂಬಿದ ಸಭೆಯಲ್ಲಿ ಮೇಡಂ ಮೈಕಿನ ಮುಂದೆ ನಿಂತು, "ಮಕ್ಕಳ ಮುಖ ನೋಡೋಕೆ ಬೇಜಾರಾದವರು ಅಂಕ ನೋಡ್ತಾ ಕೂತ್ಕೋತಾರೆ," ಎಂದುಬಿಟ್ಟರು. ಸಭೆ ನಕ್ಕಿತು. ಕುಳ್ಳಿ ಎದ್ದು ಹೊರಗೆ ಹೋದಳು. ಮಾತು ನಿಂತಿದ್ದು ಅಂದೇ. ಮೂರು ತಿಂಗಳ ಹಿಂದೆ ಅವಳು ಹೋದಳೆಂಬ ಸುದ್ದಿ ಬಂದಾಗಲೂ ಮೇಡಂ ಪರೀಕ್ಷೆಯ ಕೆಲಸದ ನೆಪ ಹೇಳಿ ಮಣ್ಣಿಗೆ ಹೋಗಿರಲಿಲ್ಲ.

"ಎರಡು ಗುಂಪಲ್ಲಿ ಇರ್ಬಹುದು ಅಂತ ನಿಯಮ ಇದೆಯಲ್ಲ ಮೇಡಂ. ಅವರ ಎರಡನೇ ಗುಂಪು ಇದು," ಎಂದ ಕಾರ್ಯದರ್ಶಿ. "ನಿಮಗೆ ಹೇಳ್ಬೇಡಿ ಅಂದಿದ್ರು. ಗೊತ್ತಾದ್ರೆ ನನ್ನ ಹೆಸರು ಹೊಡೆದುಹಾಕ್ತಾಳೆ, ಆಮೇಲೆ ಒಂಬತ್ತಾಗುತ್ತೆ ಅಂತಿದ್ರು." ತಡೆದು ಮತ್ತೆ ಹೇಳಿದ, "ಸಂಜೆಯೊಳಗೆ ಒಂದು ಹೆಸರು ಸಿಕ್ಕಿದ್ರೆ ಸಾಕು. ಬೇಕಿದ್ರೆ ನಾನೇ ಸದಸ್ಯನಾಗಿ ಸಹಿ ಹಾಕ್ತೀನಿ."

"ಆಮೇಲೆ ನೋಡೋಣ," ಎಂದಷ್ಟೇ ಹೇಳಿ ಮೇಡಂ ಕೂತುಬಿಟ್ಟರು.

ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಮೌಲ್ಯಮಾಪನದವರು ಕುಳ್ಳಿಗೆ ಶ್ರದ್ಧಾಂಜಲಿ ಇಟ್ಟುಕೊಂಡಿದ್ದರು. ಹೋಗಬಾರದೆಂದುಕೊಂಡಿದ್ದ ಮೇಡಂ ಹೋದರು. ನೂರೈವತ್ತು ಜನ ಸೇರಿದ್ದರು. ಮುಗಿದ ಮೇಲೆ ಅವಳ ಗಂಡ ಒಬ್ಬರೇ ಕಿಟಕಿಯ ಬಳಿ ನಿಂತಿದ್ದರು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಅವರದು, ಮೊದಲಿನಿಂದಲೂ ಮಿತಭಾಷಿ.

"ನಾನು ಬರ್ಬೇಕಿತ್ತು. ಬರ್ಲಿಲ್ಲ," ಎಂದರು ಮೇಡಂ.

"ಈಗ ಬಂದ್ರಲ್ಲ," ಎಂದ ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಪ್ರತಿ ವರ್ಷ ಸಮ್ಮೇಳನ ಮುಗಿಸಿ ಬಂದಾಗ ಕೇಳ್ತಿದ್ದೆ, ನಿಮ್ಮಕ್ಕ ಮಾತಾಡಿಸಿದ್ರಾ ಅಂತ. ಇಲ್ಲ, ಆದ್ರೆ ಈ ಸಲ ನನ್ನ ಕಡೆ ನೋಡಿದ್ಲು ಅನ್ನೋಳು. ಪ್ರತಿ ಸಲವೂ ಅದನ್ನೇ."

ಮೇಡಂ ನೋಡಿದ್ದು ನಿಜ. ಪ್ರತಿ ವರ್ಷ, ಊಟದ ಸಾಲಿನಲ್ಲಿ, ಜನರ ಭುಜಗಳ ನಡುವೆ ಆ ಗಿಡ್ಡ ತಲೆಯನ್ನು ಹುಡುಕಿ ನೋಡುತ್ತಿದ್ದರು. ಕಣ್ಣು ಸಂಧಿಸಿದ ತಕ್ಷಣ ಮುಖ ತಿರುಗಿಸುತ್ತಿದ್ದರು.

"ಈ ವರ್ಷದ ಅರ್ಜಿನೂ ತುಂಬಿಸಿದ್ಲು. ಕೈ ನಡುಗ್ತಿತ್ತು, ನನ್ನ ಕೈಲಿ ಬರೆಸಿದ್ಲು. ಸಹಿ ಹಾಕೋಕೆ ಮುಂಚೆ ಆಸ್ಪತ್ರೆಗೆ ಸೇರಿಸ್ಬೇಕಾಯ್ತು. ಅದಿನ್ನೂ ಮನೇಲಿದೆ."

ಮೇಡಂ ಅವರ ಕೈ ಹಿಡಿದುಕೊಂಡರು.

ಸಾಮಾನ್ಯ ಸಭೆ ಶುರುವಾಗುವ ಮೊದಲು ಕಾರ್ಯದರ್ಶಿ ಅರ್ಜಿ ಹಿಡಿದು ಓಡಿಬಂದ. "ಸಹಿ ಹಾಕಿದ್ದೀನಿ ಮೇಡಂ, ಹತ್ತಾಯ್ತು."

"ಬೇಡಪ್ಪ. ನಿನಗೆ ಪುಣ್ಯ ಬರ್ಲಿ. ಆ ಜಾಗಕ್ಕೆ ಇನ್ನೊಂದು ಹೆಸರು ಬೇಡ. ನಮ್ಮೋರಿಗೆಲ್ಲ ಹೇಳಿದ್ದೀನಿ, ಅವರೂ ಒಪ್ಪಿದ್ದಾರೆ."

ಗುಂಪನ್ನು ಮುಚ್ಚುವ ಠರಾವನ್ನು ಮೇಡಂ ತಾವೇ ಮಂಡಿಸಿದರು. ಕೈಗಳು ಮೇಲೆದ್ದವು, ಠರಾವು ಪಾಸಾಯಿತು. ಅವರು ಮೈಕು ಬಿಡಲಿಲ್ಲ.

"ಹನ್ನೊಂದು ವರ್ಷದ ಹಿಂದೆ ಇಂಥದ್ದೇ ಸಭೆಯಲ್ಲಿ ನಾನು ಒಬ್ಬರ ಬಗ್ಗೆ ಒಂದು ಮಾತಾಡಿದ್ದೆ. ನೀವೆಲ್ಲ ನಕ್ಕಿದ್ರಿ. ಅದು ಸುಳ್ಳು ಮಾತು. ಮಕ್ಕಳ ಮುಖ ಅವಳಷ್ಟು ನೋಡಿದವರು..."

ಮುಂದಕ್ಕೆ ದನಿ ಹೊರಡಲಿಲ್ಲ. ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದು ನಕ್ಕವರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದರು. ಅಧ್ಯಕ್ಷರು ಮೆಲ್ಲನೆ ಎದ್ದು ಬಂದು, "ಇಷ್ಟು ವರ್ಷ ಸಾಕಿದ ಗುಂಪು, ಸಂಕಟ ಆಗೋದು ಸಹಜ," ಎಂದು ಅವರ ಬೆನ್ನು ಸವರಿ ಕುರ್ಚಿಯವರೆಗೆ ಕರೆತಂದರು. ಸಭೆ ಚಪ್ಪಾಳೆ ತಟ್ಟಿತು.

ಗುಂಪಿಗಾಗಿ ಅಳುತ್ತಿಲ್ಲವೆಂದು ಮೇಡಂ ಯಾರಿಗೂ ತಿದ್ದಿ ಹೇಳಲು ಹೋಗಲಿಲ್ಲ. ಮೂರನೆಯ ಸಾಲಿನಲ್ಲಿ ಕುಳ್ಳಿಯ ಗಂಡ, ಕರಡು ತಿದ್ದುವ ಆ ಮಿತಭಾಷಿ ಮಾತ್ರ ಚಪ್ಪಾಳೆ ತಟ್ಟದೆ, ತಲೆ ತಗ್ಗಿಸಿ ಕೂತಿದ್ದರು. ಅಧ್ಯಕ್ಷರು ಮುಂದಿನ ವರ್ಷದ ಸಮ್ಮೇಳನದ ತಾರೀಖು ಓದತೊಡಗಿದರು.